ಕಣ್ಣು ಕೀಳದೆ ನೋಡಿದ ಮರ

ಈ ಚಳಿಗಾಲದಲ್ಲಿ ದೆಹಲಿಯ ದ್ವಾರಕಾದ ಆಸ್ಪತ್ರೆಯೊಂದರಲ್ಲಿ ನನ್ನ ಸ್ತನದ ಎಕ್ಸ್‌ರೇ ತೆಗೆದರು. ಏನೋ ನೆರಳು ಕಂಡಿತಂತೆ. ಗಂಟೋ, ಒಂದರ ಮೇಲೊಂದು ಬಿದ್ದ ಪದರಗಳೋ ತಿಳಿಯುತ್ತಿಲ್ಲ, ಚಲಿಸುವ ಮಷೀನಿನಲ್ಲಿ ಇನ್ನೊಮ್ಮೆ ತೆಗೆಯೋಣ ಎಂದರು ಡಾಕ್ಟರು. ಅಮ್ಮ ಹೋದದ್ದು ಸ್ತನದ ಕ್ಯಾನ್ಸರಿನಲ್ಲೇ. ಜೊತೆಗಿದ್ದ ಮಗಳು ಮೊಬೈಲಿನಲ್ಲಿ ಆ ಮಷೀನಿನ ವಿಷಯ ಹುಡುಕಿ ಓದಿ ಹೇಳಲು ಹೊರಟಳು.

"ಸುಮ್ನಿರೇ, ಅದನ್ನೆಲ್ಲ ನಿಮ್ಮ ತಾತ ನನಗೆ ರೈಲಲ್ಲೇ ಕಲಿಸಿದಾರೆ," ಎಂದು ಗದರಿದೆ.

ಅಪ್ಪ ದೆಹಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದರು. ರಜೆಗೆ ಊರಿಗೆ ಹೊರಟರೆ ರೈಲಿನ ಕಿಟಕಿಯಲ್ಲೇ ಪಾಠ ಶುರು. "ಒಂದು ಮರ ಹಿಡ್ಕೋ. ಕಣ್ಣು ಕೀಳಬೇಡ," ಎನ್ನುತ್ತಿದ್ದರು. ಹತ್ತಿರದ ಕಂಬಗಳು ಹಿಂದಕ್ಕೋಡಿ ಮಸುಕಾಗುತ್ತಿದ್ದವು, ಆಚೆಯ ಗುಡ್ಡ ನಮ್ಮ ಜೊತೆ ಮುಂದಕ್ಕೆ ಜಾರುತ್ತಿತ್ತು. ಆ ಮರವೊಂದೇ ನಿಂತಲ್ಲೇ ನಿಂತಿರುತ್ತಿತ್ತು.

"ನಮ್ಮ ಮಷೀನೂ ಅಷ್ಟೇ ಪುಟ್ಟಿ. ಮೇಲೆ ಎಕ್ಸ್‌ರೇ ಕೊಳವೆ ಈ ಕಡೆ ಹೋದ್ರೆ ಕೆಳಗೆ ಫಿಲ್ಮು ಆ ಕಡೆ ಹೋಗುತ್ತೆ. ನಮಗೆ ಬೇಕಾದ ಪದರ ಮಾತ್ರ ಸ್ಪಷ್ಟ. ಅದರ ಹಿಂದಿಂದು ಮುಂದಿಂದು ಎಲ್ಲಾ ಕಲಸಿಹೋಗುತ್ತೆ."

ಎದುರಿಗೆ ಕೂತ ಅಮ್ಮ ನಾಗಪುರದಲ್ಲಿ ಕೊಂಡ ಕಿತ್ತಳೆ ಸುಲಿದು, ನಾರು ತೆಗೆದು, ತೊಳೆ ಕೈಗಿಡುತ್ತಿದ್ದಳು. "ತಿನ್ನೋವಾಗಲಾದ್ರೂ ಈ ಕಡೆ ನೋಡೇ," ಎನ್ನುತ್ತಿದ್ದಳು. ನಾನೆಲ್ಲಿ ನೋಡಲಿ, ಮರ ತಪ್ಪಿಹೋದರೆ?

ಈಗಿನ ಮಷೀನಿನಲ್ಲಿ ಫಿಲ್ಮಿಲ್ಲ. ಕೊಳವೆ ಕಮಾನಿನ ಹಾಗೆ ಬಾಗಿ ಸಾಗುತ್ತಾ ಚಿತ್ರ ತೆಗೆಯುತ್ತದೆ, ಪದರಗಳನ್ನು ಕಂಪ್ಯೂಟರು ಬಿಡಿಸಿಕೊಡುತ್ತದೆ. ಎದೆಯನ್ನು ಒತ್ತಿ ಹಿಡಿದು, ಅಲುಗಾಡಬೇಡಿ ಎಂದರು. ಕಣ್ಣು ಮುಚ್ಚಿದೆ. ಈ ಸಲ ಮರ ಬೇಡ, ಅಮ್ಮನ ಮುಖ ಹಿಡಿಯೋಣ ಎಂದುಕೊಂಡೆ. ಮೂಗುಬೊಟ್ಟು ಕಂಡಿತು. ಕಿತ್ತಳೆ ನಾರು ಅಂಟಿದ ಹೆಬ್ಬೆರಳು ಕಂಡಿತು. ಮುಖ ಮಾತ್ರ ಎಷ್ಟು ಹಿಡಿದರೂ ನಿಲ್ಲಲಿಲ್ಲ. ಅಳು ಒತ್ತಿಕೊಂಡು ಬಂತು, ಅಲುಗಾಡುವಂತಿರಲಿಲ್ಲ.

"ಕುಛ್ ನಹೀಂ ಹೈ ಆಂಟೀಜಿ," ಎಂದರು ಡಾಕ್ಟರು. ಪದರ ಪದರವಾಗಿ ನೋಡಿದರೂ ಎಲ್ಲೂ ಗಂಟಿರಲಿಲ್ಲ. ಸದ್ಯ, ಬದುಕಿದೆ ಅನ್ನಿಸಿತು.

ಮೆಟ್ರೋ ಸ್ಟೇಷನ್ನಿನ ಹೊರಗೆ ಹಣ್ಣು ಮಾರುವ ಭಯ್ಯಾನ ಗಾಡಿಯಲ್ಲಿ ಕಿತ್ತಳೆ ಕೊಂಡು, ಅಲ್ಲೇ ಕಟ್ಟೆಯ ಮೇಲೆ ಕೂತು ಸುಲಿದೆ. ಮಗಳು ಮೊಬೈಲಿನಿಂದ ಕಣ್ಣೆತ್ತದೆ ಕೈ ಚಾಚಿದಳು. ನಾನು ತೊಳೆ ಕೊಡಲಿಲ್ಲ.

"ಕ್ಯಾ ಹುವಾ ಅಮ್ಮಾ?"

"ಮೊದಲು ನನ್ನ ಮುಖ ನೋಡು," ಎಂದೆ.