ಕಾಜಕ್ಕನ ಖಾತೆ

ಆಕೆಗೆ ಕಾಜಕ್ಕ ಎಂದು ಹೆಸರಿಟ್ಟವರು ಯಾರೋ, ಈಗ ಯಾರಿಗೂ ನೆನಪಿಲ್ಲ. ಅಂಗಿಯ ಗುಂಡಿಗೆ ಕಾಜ ಹಾಕುವುದರಲ್ಲಿ ಅವಳ ಕೈಯೇ ಕೈ. ಗಂಡ ತೀರಿಕೊಂಡ ಮೇಲೆ, ಐವತ್ತೆರಡನೆಯ ವಯಸ್ಸಿನಲ್ಲಿ, ತಮ್ಮ ಅವಳನ್ನು ತಾನಿದ್ದ ಪರದೇಶಕ್ಕೆ ಕರೆಸಿಕೊಂಡ. ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ ನೋಡಿ, ಮೂರು ತಿಂಗಳಾಗುವಷ್ಟರಲ್ಲಿ ಬೀದಿಯ ಮೂಲೆಯ ಲಾಂಡ್ರಿಯಲ್ಲಿ ಬಟ್ಟೆ ರಿಪೇರಿಯ ಕೆಲಸ ಹಿಡಿದುಬಿಟ್ಟಳು. ಅಲ್ಲಿನ ಮಾತೂ ಬಾರದು, ಅಕ್ಷರವೂ ಬಾರದು. ಹರಿದ ಪ್ಯಾಂಟನ್ನು ತೋರಿಸಿದರೆ ಸಾಕು, ಉಳಿದದ್ದು ಅವಳಿಗೆ ಅರ್ಥವಾಗುತ್ತಿತ್ತು.

ಆರು ತಿಂಗಳು ಲಾಂಡ್ರಿಯ ಯಜಮಾನಿ ಸಂಬಳವನ್ನು ಕವರಿನಲ್ಲಿ ಹಾಕಿ ಕೊಟ್ಟಳು. ಆಮೇಲೊಂದು ದಿನ ತಮ್ಮನಿಗೆ ಫೋನು ಮಾಡಿ, ಇನ್ನು ಮುಂದೆ ಸಂಬಳ ಬ್ಯಾಂಕಿಗೇ ಹಾಕಬೇಕಂತೆ, ತಿಂಗಳ ಕೊನೆಯೊಳಗೆ ಯಾವುದಾದರೊಂದು ಖಾತೆಯ ನಂಬರು ಕೊಡಿ ಎಂದಳು.

"ನನ್ನ ನಂಬರೇ ಕೊಟ್ಬಿಡ್ತೀನಿ ಅಕ್ಕ. ಒಂದೇ ಮನೆ ತಾನೇ," ಎಂದ ತಮ್ಮ.

"ಬೇಡ. ನನ್ನ ಹೆಸರಲ್ಲೇ ಒಂದು ತೆಗೆಸು."

ತಮ್ಮನ ಮುಖ ಸಪ್ಪಗಾಯಿತು. "ಹೋಗಲಿ, ಇಬ್ಬರ ಹೆಸರಲ್ಲೂ ಮಾಡಿಸೋಣ. ನಾಳೆ ಏನಾದ್ರೂ ತೊಡಕಾದ್ರೆ ಓಡಾಡಬೇಕಾದವನು ನಾನೇ ಅಲ್ವಾ? ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?"

ಕಾಜಕ್ಕ ಸೂಜಿಗೆ ದಾರ ಪೋಣಿಸುತ್ತಾ ಕೂತಳು. ಅವಳು ಹಾಗೆ ಕೂತಳೆಂದರೆ ಬ್ರಹ್ಮ ಬಂದರೂ ಅಲುಗಾಡುವವಳಲ್ಲ ಎಂಬುದು ತಮ್ಮನಿಗೆ ಚಿಕ್ಕಂದಿನಿಂದ ಗೊತ್ತು.

ಮಾರನೆಯ ದಿನ ಇಬ್ಬರೂ ಬ್ಯಾಂಕಿಗೆ ಹೋದರು. ಕೌಂಟರಿನಲ್ಲಿದ್ದ ಹೆಂಗಸು ಪಾಸ್‌ಪೋರ್ಟು ನೋಡಿ ತಲೆಯಾಡಿಸಿದಳು. ಅಲ್ಲಿಯವರೆಗೆ ಎಲ್ಲ ಸಲೀಸು. ಆಮೇಲೆ ಕೇಳಿದಳು, ಈಕೆ ಈ ವಿಳಾಸದಲ್ಲೇ ಇದ್ದಾರೆ ಎನ್ನುವುದಕ್ಕೆ ದಾಖಲೆ ಎಲ್ಲಿ? ಸರ್ಕಾರಿ ಕಚೇರಿಯಿಂದಲೋ ಆಸ್ಪತ್ರೆಯಿಂದಲೋ ಇವರ ಹೆಸರಿಗೆ ಬಂದ ಒಂದು ಕಾಗದ ಬೇಕು.

ಎಲ್ಲಿಂದ ತರುವುದು? ಬಾಡಿಗೆ ಕರಾರು, ನೀರಿನ ಬಿಲ್ಲು, ಕರೆಂಟಿನ ಬಿಲ್ಲು ಎಲ್ಲವೂ ತಮ್ಮನ ಹೆಸರಲ್ಲಿ. ಬಂದು ಒಂಬತ್ತು ತಿಂಗಳಾದರೂ ಕಾಜಕ್ಕನ ಹೆಸರಿಗೆ ಒಂದು ಚೂರು ಕಾಗದ ಬಂದದ್ದಿಲ್ಲ.

ದಾರಿ ಹುಡುಕಿದವಳು ತಮ್ಮನ ಹೆಂಡತಿ. "ಅತ್ತಿಗೆ, ಹೇಗೂ ನಿಮ್ಮ ಕನ್ನಡಕ ಹಳೇದಾಗಿದೆ. ಸರ್ಕಾರಿ ಕಣ್ಣಾಸ್ಪತ್ರೇಲಿ ತೋರಿಸ್ಕೊಳ್ಳಿ. ರಿಪೋರ್ಟು ಅಂಚೆಯಲ್ಲಿ ನಿಮ್ಮ ಹೆಸರಿಗೇ ಬರುತ್ತೆ." ಭಲೇ ಹುಡುಗಿ ಅನ್ನಿ. ಕಣ್ಣು ತೋರಿಸಿ ಬಂದ ದಿನದಿಂದ ಕಾಜಕ್ಕನಿಗೆ ದಿನಕ್ಕೆ ನಾಲ್ಕು ಸಲ ಅಂಚೆ ಡಬ್ಬಿಗೆ ಕೈಹಾಕಿ ನೋಡುವುದೇ ಕೆಲಸವಾಯಿತು.

ಈಗ ದರ್ಜಿಗಳ ಒಂದು ಚಾಳಿ ಹೇಳಬೇಕು. ದಪ್ಪ ಕಾಗದ ಕಂಡರೆ ಅವರು ಬಿಡುವುದಿಲ್ಲ. ಕಾಲರಿಗೆ, ಜೇಬಿಗೆ ಅಚ್ಚು ಕತ್ತರಿಸಿಕೊಳ್ಳಲು ಬೇಕಲ್ಲ. ಡಬ್ಬಿಗೆ ಬಂದು ಬೀಳುವ ಜಾಹೀರಾತಿನ ಕಾಗದಗಳೆಲ್ಲ ಕಾಜಕ್ಕನ ಬುಟ್ಟಿ ಸೇರುತ್ತಿದ್ದವು. ತಿಂಗಳ ಕೊನೆಗೆ ಎರಡೇ ದಿನ ಉಳಿದಿದ್ದಾಗ, ಹೊಳೆಯುವ ಕನ್ನಡಕದ ಚಿತ್ರವಿದ್ದ ಒಂದು ಗಟ್ಟಿ ಕಾಗದ ಬಂತು. ಯಾವುದೋ ಅಂಗಡಿಯವರ ಜಾಹೀರಾತಿರಬೇಕು ಎಂದುಕೊಂಡಳು. ಲಾಂಡ್ರಿಯಿಂದ ತಂದಿದ್ದ ಮಗುವಿನ ಕೋಟಿಗೆ ಕಾಲರು ಬದಲಿಸುವುದಿತ್ತು. ಕಾಗದ ಹರವಿ ಕತ್ತರಿ ಆಡಿಸಿಯೇಬಿಟ್ಟಳು. ಎರಡು ವಾರ ದಾರಿ ಕಾದ ಪುಣ್ಯಾತ್ಗಿತ್ತಿ!

ಸಂಜೆ ಕೆಲಸದಿಂದ ಬಂದ ತಮ್ಮ ಮೇಜಿನ ಮೇಲಿದ್ದ ಅಚ್ಚನ್ನು ಎತ್ತಿ ನೋಡಿದ. "ಅಕ್ಕ, ಈ ಕಾಲರಿನ ಮೇಲೆ ನಿನ್ನ ಅರ್ಧ ಹೆಸರಿದೆ."

ಅವಳು ಕತ್ತರಿಸಿದ್ದು ಕಣ್ಣಾಸ್ಪತ್ರೆಯ ರಿಪೋರ್ಟನ್ನೇ! ಇನ್ನೊಂದು ಪ್ರತಿ ತರಿಸಲು ಮತ್ತೆ ಎರಡು ವಾರ. ಅಷ್ಟರಲ್ಲಿ ಸಂಬಳ ತಮ್ಮನ ಖಾತೆಗೆ ಹೋಗುತ್ತದೆ. ಒಮ್ಮೆ ಹೋಗಲು ಶುರುವಾದದ್ದನ್ನು ಬದಲಿಸು ಎಂದು ಮತ್ತೆ ಬಾಯಿಬಿಡಲು ತನ್ನಿಂದಾಗದು ಎಂಬುದು ಅವಳಿಗೆ ಗೊತ್ತಿತ್ತು.

"ಹೋಗ್ಲಿ ಬಿಡಕ್ಕ, ನನ್ನ ನಂಬರೇ ಕೊಡೋಣ. ನಿಂಗೆ ಬೇಕಾದಾಗ ಕೇಳು, ಇಲ್ಲ ಅಂತೀನಾ?"

"ಅನ್ನಲ್ಲ. ನಿನ್ನ ಗುಣ ನಂಗೊತ್ತಿಲ್ವಾ?" ಅವಳು ಕತ್ತರಿಯನ್ನು ಬದಿಗೆ ಸರಿಸಿದಳು. "ಮದುವೆಗೆ ಮುಂಚೆ ಹೊಲಿದದ್ದೆಲ್ಲ ಅಪ್ಪನ ಕೈಗೆ ಹೋಯ್ತು. ಆಮೇಲೆ ಅವರ ಕೈಗೆ. ಇಬ್ಬರೂ ಒಳ್ಳೆಯವರೇ, ಒಂದಿನ ಇಲ್ಲ ಅಂದೋರಲ್ಲ. ಆದ್ರೆ ಕೇಳಬೇಕಿತ್ತು ಕಣೋ. ಒಂದು ರವಿಕೆ ಬಟ್ಟೆಗೂ ಕೇಳಬೇಕಿತ್ತು. ನಂಗೆ ಕೇಳಿ ಕೇಳಿ ಸಾಕಾಗಿದೆ."

 ತಮ್ಮ ಕಸದ ಬುಟ್ಟಿಯನ್ನು ತಂದು ಹಳೆಯ ಪೇಪರಿನ ಮೇಲೆ ಬೋರಲು ಹಾಕಿ, ಮೊಣಕಾಲೂರಿ ಕೂತ. ದಾರದ ತುಂಡು, ಬಟ್ಟೆಯ ಚಿಂದಿಗಳ ನಡುವಿನಿಂದ ಒಂದೊಂದೇ ಕಾಗದದ ಚೂರು ಆರಿಸಿ ಅಕ್ಕನ ಕೈಗಿಟ್ಟ. ಏಳು ಚೂರುಗಳು ಸಿಕ್ಕವು.

ಅವನು ಅಂಟು ತರಲು ಎದ್ದರೆ ಅವಳು ಬಿಡಲಿಲ್ಲ. "ಅಂಟಿನ ಮೇಲೆ ನಂಗೆ ನಂಬಿಕೆ ಇಲ್ಲ," ಎಂದು ಅತಿ ಸಣ್ಣ ಸೂಜಿ ಹುಡುಕಿದಳು. ಬಿಳಿಯ ದಾರದಲ್ಲಿ, ಒಂದು ಅಕ್ಷರವೂ ಮುಚ್ಚದಂತೆ, ಅಂಚಿಗೆ ಅಂಚು ಕೂಡಿಸಿ ಕಾಗದವನ್ನು ಹೊಲಿದಳು. ಎಲ್ಲಿ ಅಕ್ಷರ, ಎಲ್ಲಿ ಗೆರೆ ಎಂದು ತಮ್ಮ ಪಕ್ಕದಲ್ಲೇ ಕೂತು ಬೆರಳಿಟ್ಟು ತೋರಿಸಿದ.

ಮರುದಿನ ಬ್ಯಾಂಕಿನ ಹೆಂಗಸು ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಗಿಂದ ಮೇಲಧಿಕಾರಿಯನ್ನು ಕರೆತಂದಳು. ಆತ ಬೆಳಕಿಗೆ ಹಿಡಿದು ನೋಡಿದ, ಹೊಲಿಗೆಯ ಮೇಲೆ ಬೆರಳಾಡಿಸಿ ಏನೋ ಕೇಳಿದ.

"ಯಾರು ಹೊಲಿದದ್ದು ಅಂತ ಕೇಳ್ತಿದ್ದಾರೆ," ಎಂದ ತಮ್ಮ.

"ಹೊಲಿಗೆ ಆಮೇಲೆ ನೋಡಲಿ, ಮೊದಲು ಹೆಸರು ನೋಡೋಕೆ ಹೇಳು."

ಆತ ಕಣ್ಣಾಸ್ಪತ್ರೆಗೇ ಫೋನು ಮಾಡಿ ವಿಚಾರಿಸಿದ. ಹೆಸರು, ವಿಳಾಸ, ತಾರೀಖು ಎಲ್ಲ ತಾಳೆಯಾದವು. ನಗುತ್ತಾ ಕಾಗದಕ್ಕೆ ಮುದ್ರೆ ಒತ್ತಿ ಹೋದ. ಕೌಂಟರಿನ ಹೆಂಗಸು ಅರ್ಜಿ ತುಂಬತೊಡಗಿದಳು. ನಡುವೆ ಒಮ್ಮೆ ತಲೆಯೆತ್ತಿ ಅಕ್ಕತಮ್ಮಂದಿರಿಬ್ಬರನ್ನೂ ಪೆನ್ನಿನಿಂದ ತೋರಿಸಿ ಏನೋ ಕೇಳಿದಳು. ತಮ್ಮ ತಡಮಾಡದೆ ಒಂದೇ ಮಾತು ಹೇಳಿದ. ಅವಳು ಬರೆದುಕೊಂಡಳು.

"ಏನಂತೆ?" ಎಂದಳು ಕಾಜಕ್ಕ.

"ಏನಿಲ್ಲ, ಮನೆ ನಂಬರು ಸರಿನಾ ಅಂದ್ರು."

ಲಾಂಡ್ರಿಯಲ್ಲಿ ದಿನವೆಲ್ಲ ಬಟ್ಟೆ ಎಣಿಸಿಕೊಂಡು ಆ ಭಾಷೆಯ ಅಂಕಿಗಳು ಹತ್ತರವರೆಗೆ ಅವಳಿಗೆ ಬಾಯಿಪಾಠವಾಗಿದ್ದವು. ಕೌಂಟರಿನವಳು ಕೇಳಿದ್ದು ಖಾತೆ ಒಬ್ಬರಿಗೋ ಇಬ್ಬರಿಗೋ ಎಂದು. ತಮ್ಮ ಹೇಳಿದ್ದು ಒಬ್ಬರಿಗೆ ಎಂದು. ಕಾಜಕ್ಕ ಏನೂ ತಿಳಿಯದವಳಂತೆ, "ಮನೆ ನಂಬರು ಸರಿಯಾಗಿ ಹೇಳಿದೆ ತಾನೇ?" ಎಂದು ಕೇಳಿ, ಕಣ್ಣೊರೆಸಿಕೊಂಡು ಸಹಿ ಹಾಕಲು ಕುರ್ಚಿ ಎಳೆದುಕೊಂಡಳು.