ಕಮಲಾಪುರದ ಸೊಸೆಗೆ ನಮ್ಮ ಮನೆ ತವರಾದದ್ದು

ಚಿನ್ನಿ, ಪುಟ್ಯಾ,

ನಿಮ್ಮ ಆಯಿಗೆ, ಈ ಅಜ್ಜಿಗೆ, ನಾಲ್ಕು ಜನರ ಮುಂದೆ ಮಾತಾಡಲು ಬರುವುದಿಲ್ಲ. ಚರ್ಚಿನ ಮಹಿಳಾ ಕೂಟದಲ್ಲಿ ಎದ್ದು ಪ್ರಾರ್ಥನೆ ಮಾಡು ಎಂದರೆ ಇಂದಿಗೂ ಪಕ್ಕದವರನ್ನು ಎಬ್ಬಿಸುತ್ತೇನೆ. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರವಿದೆಯಲ್ಲ, ಬರೆಯುತ್ತೇನೆ. ನರ್ಸ್ ಆಗಿ ಎಷ್ಟು ಕೂಸುಗಳನ್ನು ಎತ್ತಿಕೊಂಡೆನೋ ಲೆಕ್ಕವಿಟ್ಟಿಲ್ಲ. ಒಂದು ಹೆರಿಗೆಯ ಸಂಗತಿ ಮಾತ್ರ ನಿಮಗೆ ಗೊತ್ತಿರಬೇಕು.

ಆಗ ನಾನು ಕಲಬುರಗಿಯ ಶಹಾಬಜಾರದ ಮನೆಯಿಂದ ದಿನಾ ಬಸ್ಸಿನಲ್ಲಿ ಕಮಲಾಪುರದ ಆಸ್ಪತ್ರೆಗೆ ಹೋಗಿಬರುತ್ತಿದ್ದೆ. ನೀವು ಕಮಲಾಪುರದ ಅತ್ತೆ ಎನ್ನುತ್ತೀರಲ್ಲ, ಆಕೆ ಅಲ್ಲಿಯ ಒಕ್ಕಲುತನದ ಮನೆಯೊಂದಕ್ಕೆ ಹೊಸದಾಗಿ ಬಂದ ಸೊಸೆ, ಚೊಚ್ಚಲ ಬಸುರಿ. ಒಂದು ಬೆಳಿಗ್ಗೆ ಅವರ ಮನೆಗೆ ನೋಡಲು ಹೋದರೆ ಮುಖ, ಕಾಲು ಬಾತಿದ್ದವು. ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ ಎಂದಳು. ಬಿ.ಪಿ. ನೋಡಿದರೆ ವಿಪರೀತ ಏರಿತ್ತು. ಕೂಡಲೇ ಕಲಬುರಗಿಯ ದೊಡ್ಡಾಸ್ಪತ್ರೆಗೆ ಒಯ್ಯಬೇಕು ಎಂದೆ.

ಆಕೆಯ ಗಂಡ ಹೊಲಕ್ಕೆ ಹೋಗಿದ್ದ; ಅವನ ತಾಯಿ ಬಾಗಿಲಿಗೆ ಅಡ್ಡ ನಿಂತರು. "ಚೊಚ್ಚಲ ಹೆರಿಗಿ ತವರಿಂದು ರೀ ಸಿಸ್ಟರ್. ಅವರು ಬಂದು ಉಡಿ ತುಂಬಿ ಕರಕೊಂಡು ಹೋಗಬೇಕು. ಆಕಿ ಅಣ್ಣಗ ಹೇಳಿ ಕಳಿಸೀವಿ."

ತಾಯಿಯಿಲ್ಲದ ಹುಡುಗಿ. ಅಣ್ಣ ದುಡಿಯಲು ಸೋಲಾಪುರದ ಕಡೆ ಹೋಗಿದ್ದ. ಅವನ ದಾರಿ ಕಾದರೆ ಫಿಟ್ಸ್ ಬಂದು ತಾಯಿ, ಕೂಸು ಇಬ್ಬರೂ ಉಳಿಯುವುದಿಲ್ಲ ಎಂದೆ. ಆ ಹಿರಿಯಾಕೆ ಅತ್ತರು, ಆದರೆ ಬಾಗಿಲು ಬಿಡಲಿಲ್ಲ. "ಉಡಿ ತುಂಬದ ಹೊರಗ ಕಳಿಸಿದ್ರ, ತವರಿಲ್ಲದಾಕಿ ಅಂತ ಹೆಂಗ ಬೇಕಾದಂಗ ನಡಸ್ಕೊಂಡ್ರು ಅಂತಾರ ಮಂದಿ."

ನನಗೆ ಎಲ್ಲಿಂದ ಬಾಯಿ ಬಂತೋ. "ನಮ್ಮನಿನೇ ತವರ ಅಂತ ತಿಳೀರಿ. ನಾ ತುಂಬತೀನಿ ಉಡಿ."

"ನೀವು ಏಸುಸ್ವಾಮಿ ಮಂದಿ. ನಿಮಗ ಬರ್ತದೇನ್ರಿ?"

"ನೀವು ಹೇಳ್ರಿ, ನಾ ಮಾಡತೀನಿ."

ಸೊಸೆಯ ಮಡಿಲಿಗೆ ಹಾಕಲು ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಬಂದವು. ಅವರು ಹೇಳಿದಂತೆ ಅವಸರದಲ್ಲಿ ಬೊಗಸೆ ತುಂಬಿ ಹಾಕಿದರೆ, ಅಕ್ಕಿ ಉಡಿಗಿಂತ ನೆಲಕ್ಕೇ ಹೆಚ್ಚು ಬಿತ್ತು.

"ಸಿಸ್ಟರ್, ಉಡಿ ತುಂಬಾಕತ್ತೀರೋ, ಕೋಳಿಗಿ ಕಾಳು ಹಾಕಾಕತ್ತೀರೋ?" ಎಂದರು ಹಿರಿಯಾಕೆ, ಕಣ್ಣೊರೆಸಿಕೊಳ್ಳುತ್ತಲೇ. ಆ ಸಂಕಟದಲ್ಲೂ ಸೊಸೆ ನಕ್ಕಳು. ಕೆಂಪು ಬಾಳೆಗೊನೆ ಒಯ್ಯುವ ಜೀಪಿನಲ್ಲಿ ನಾವು ಮೂವರೂ ಹೊರಟೆವು.

ಸಂಜೆಗೆ ಆಪರೇಷನ್ ಆಗಿ ಹೆಣ್ಣು ಕೂಸು ಹುಟ್ಟಿತು. ತಾಯಿ ಚೇತರಿಸಿಕೊಳ್ಳಲು ಬಹಳ ದಿನ ಹಿಡಿಯಿತು. ಆಸ್ಪತ್ರೆಯಿಂದ ಬಿಡುವಾಗ ಹಿರಿಯಾಕೆ ನನ್ನ ಕೈ ಹಿಡಿದು, "ತವರ ಅಂದೀರಿ ಸಿಸ್ಟರ್, ಇನ್ನ ಬಾಣಂತನನೂ ನಿಮ್ಮದೇ" ಎಂದರು. ಅಷ್ಟು ದೂರ ನಾನು ಯೋಚಿಸಿರಲಿಲ್ಲ. ನಮ್ಮದು ಎರಡು ಕೋಣೆಯ ಮನೆ. ನಿಮ್ಮ ಅಜ್ಜ ತಮ್ಮ ಹಾಸಿಗೆ ಸುತ್ತಿ ಪಡಸಾಲೆಗೆ ಒಯ್ದರು.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿರಿಯರೊಬ್ಬರು ಕೇಳಿದರು: "ಉಡಿ ತುಂಬೀರಂತ? ನಮ್ಮಲ್ಲಿ ಅದು ನಡೀತದೇನು?"

ನನ್ನ ಪಕ್ಕದಲ್ಲಿದ್ದ ಪಾಸ್ಟರಮ್ಮ, "ಅದಿರಲಿ ಅಣ್ಣಾರ, ಬಾಣಂತಿಗಿ ಅಂಟಿನುಂಡಿ ಕಟ್ಟಬೇಕು. ನಿಮ್ಮ ಮನ್ಯಾಗ ಖಾರಿಕ ಅದಾವೇನು?" ಎಂದರು. ಮರುದಿನ ಆ ಹಿರಿಯರ ಮನೆಯಿಂದಲೇ ಒಣಕೊಬ್ಬರಿ, ಖಾರಿಕ ಎಂಬ ಒಣ ಖರ್ಜೂರ ಬಂದವು. ಮಹಿಳಾ ಕೂಟದವರು ನಮ್ಮ ಅಡುಗೆಮನೆಯಲ್ಲಿ ಕುಳಿತು ಉಂಡೆ ಕಟ್ಟಿದರು. ಮೋಮಿನಪುರದ ಸೂಲಗಿತ್ತಿ ಬೆಳಿಗ್ಗೆ ಬಂದು ಕೂಸಿಗೆ ನೀರು ಎರೆದು ಹೋಗುತ್ತಿದ್ದಳು. ಮನೆಯೆಲ್ಲ ಅಜವಾನದ, ಅಂದರೆ ಓಮದ, ಹೊಗೆ. ಆ ವಾಸನೆ ಈಗ ಎಲ್ಲಾದರೂ ಬಂದರೆ ನಾನು ಸುಮ್ಮನೆ ನಿಂತುಬಿಡುತ್ತೇನೆ.

ತಾಯಿ-ಮಗುವನ್ನು ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸಿದ ದಿನ ನಿಮ್ಮಪ್ಪ, ಆಗಿನ್ನೂ ಚಿಕ್ಕವನು, ಜೀಪಿನ ಹಿಂದೆ ಅಳುತ್ತ ಓಡಿದ.

ನಿಮ್ಮ ಅಜ್ಜ ಈಗಿಲ್ಲ, ಆ ಹಿರಿಯಾಕೆಯೂ ಇಲ್ಲ. ನಾಳೆ ಯಾರಾದರೂ, ಕಮಲಾಪುರದಾಕೆ ನಿಮಗೆ ಹೇಗೆ ಅತ್ತೆ ಎಂದು ಕೇಳಿದರೆ ಈ ಹಾಳೆಗಳನ್ನು ತೋರಿಸಿ. ಗೆದ್ದಲು ಹತ್ತದಂತೆ ಕಬ್ಬಿಣದ ಪೆಟ್ಟಿಗೆಯಲ್ಲಿಡಿ, ಮಕ್ಕಳೇ. ತವರು ಕೊಡುತ್ತೇನೆಂದು ಮಾತು ಕೊಟ್ಟವಳು ನಾನು, ನಾನು ಹೋದ ಮೇಲೂ ಆಕೆಗೆ ಅದು ಇರಬೇಕು.