ಖಾಲಿ ಸೀಟಿನ ಲೆಕ್ಕ

ಅವನಿಗೆ ‘ತಲೆಲೆಕ್ಕ’ ಎಂಬ ಹೆಸರು ಬಿದ್ದದ್ದು ಬಸ್ ನೌಕರರ ಮುಷ್ಕರದಲ್ಲಿ. ಮುಖಂಡರು ಲಾರಿಯ ಮೇಲೆ ನಿಂತು ‘ಹತ್ತು ಸಾವಿರ ಜನ ಸೇರಿದ್ದೇವೆ’ ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ, ಕೆಳಗೆ ನಿಂತಿದ್ದ ಈ ಕಂಡಕ್ಟರ್, ‘ಎರಡು ಸಾವಿರದ ನಾನೂರ ಹನ್ನೊಂದು. ಅದ್ರಲ್ಲಿ ನಲವತ್ತು ಪೊಲೀಸ್ರು’ ಎಂದುಬಿಟ್ಟ. ಅವತ್ತು ಬೈಸಿಕೊಂಡ. ಮಾರನೇ ದಿನ ಊಟದ ಪೊಟ್ಟಣ ಕಟ್ಟಿಸುವಾಗ ಅದೇ ಮುಖಂಡರು ಅವನನ್ನೇ ಹುಡುಕಿಕೊಂಡು ಬಂದರು. ಸುಳ್ಳು ಲೆಕ್ಕಕ್ಕೆ ಚಪ್ಪಾಳೆ ಬೀಳುತ್ತದೆ, ಹೊಟ್ಟೆ ತುಂಬುವುದಿಲ್ಲವಲ್ಲ.

ಅವನ ಎಣಿಕೆಗೊಂದು ಗುಟ್ಟಿತ್ತು. ತುಂಬಿದ ಬಸ್ಸಿನಲ್ಲಿ ತಲೆ ಎಣಿಸುವವನು ದಡ್ಡ ಎನ್ನುತ್ತಿದ್ದ. ತಲೆ ಬಗ್ಗುತ್ತದೆ, ಹೊರಳುತ್ತದೆ, ಪಕ್ಕದವರ ಹೆಗಲಿಗೆ ಒರಗುತ್ತದೆ. ಸೀಟು ಎಲ್ಲಿಗೂ ಹೋಗುವುದಿಲ್ಲ. ಖಾಲಿ ಸೀಟು ಎಣಿಸು, ಒಟ್ಟು ಸೀಟಿನಿಂದ ಕಳೆ, ಮುಗಿಯಿತು. ಇನ್ನೊಂದು ಮಾತು: ಬ್ಯಾಗ್ ಇಟ್ಟ ಸೀಟು ಖಾಲಿ ಸೀಟಲ್ಲ. ಅದರ ಯಜಮಾನ ಟೀ ಕುಡಿಯಲು ಇಳಿದಿರುತ್ತಾನೆ, ಬಂದೇ ಬರುತ್ತಾನೆ. ಹೀಗೆ ಮೂವತ್ತೊಂದು ವರ್ಷ ಎಣಿಸಿದ. ಒಂದು ಸಲವೂ ತಪ್ಪಲಿಲ್ಲ.

ಅದರಲ್ಲಿ ಇಪ್ಪತ್ತಾರು ವರ್ಷ ಅವನ ಮುಂದೆ ಸ್ಟಿಯರಿಂಗ್ ಹಿಡಿದಿದ್ದವನು ಒಬ್ಬನೇ ಡ್ರೈವರ್. ಇವನು ವಿಸಿಲ್ ಊದಬೇಕು, ಅವನು ಗಾಡಿ ಎತ್ತಬೇಕು. ಡ್ರೈವರ್ ಒಂದು ದಿನವೂ ಹಿಂದೆ ತಿರುಗಿ ನೋಡಿದವನಲ್ಲ. ‘ಹಿಂದುಗಡೆ ಅವನದು, ಮುಂದುಗಡೆ ನಂದು. ಇಬ್ರೂ ಎರಡೂ ಕಡೆ ನೋಡಕ್ಕೋದ್ರೆ ಗಾಡಿ ಗುಂಡಿಗೆ’ ಎನ್ನುತ್ತಿದ್ದ. ಗಂಡ ಹೆಂಡಿರೂ ಇಷ್ಟು ನಂಬಿಕೆಯಲ್ಲಿ ಬಾಳಿದ್ದನ್ನು ನಾನು ಕಂಡಿಲ್ಲ.

ನಿವೃತ್ತಿಯಾದ ಮೇಲೆ ಡ್ರೈವರ್ ಒಂದು ಕ್ಲಬ್ಬಿನ ಬೋಟು ನಡೆಸುವ ಕೆಲಸಕ್ಕೆ ಸೇರಿದ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳ ನೋಡಿ ಬರುವವರ ಕ್ಲಬ್ಬು ಅದು. ಮನೆಯಲ್ಲಿ ಕೂತು ಹೆಂಡತಿಯ ಹೊಲಿಗೆ ಯಂತ್ರದ ಸದ್ದು ಕೇಳುತ್ತಿದ್ದ ತಲೆಲೆಕ್ಕನನ್ನೂ ಅವನೇ ಎಳೆದು ತಂದ. ಈಜುಕೊಳದಲ್ಲಿ ಮುಳುಗುವುದನ್ನು ಕಲಿಸಲು ನೋಡಿದರು. ಎರಡಾಳು ಆಳಕ್ಕೆ ಹೋಗುವಷ್ಟರಲ್ಲಿ ಕಿವಿ ಸಿಡಿಯುವಂತಾಗಿ ಮೇಲೆ ಬಂದವನು, ‘ನನ್ನ ಕಿವಿ ಮೇಲಿನ ಲೋಕದ್ದು, ಬಿಟ್ಬಿಡಿ’ ಎಂದ. ಆಗ ಕ್ಲಬ್ಬಿನ ಅಧ್ಯಕ್ಷೆ, ಶಾಲೆಯ ಹೆಡ್‌ಮಿಸ್ಸು, ಅವನಿಗೊಂದು ಕೆಲಸ ಕೊಟ್ಟರು: ಪ್ರತಿ ಟ್ರಿಪ್ಪಿನಲ್ಲೂ ಬೋಟಿನಲ್ಲೇ ಇದ್ದು ಇಳಿದವರನ್ನೂ ಹತ್ತಿದವರನ್ನೂ ನೋಡಿಕೊಳ್ಳುವುದು, ನಿಯಮ ಪಾಲಿಸುವಂತೆ ಮಾಡುವುದು.

ನಿಯಮ ಅಂದರೆ ಮೇಲಿನವರು ಕೆಳಗಿನವರಿಗೆ ಹಾಕುವ ಮೂಗುದಾರ ಎಂದು ಆ ಮುಷ್ಕರದಲ್ಲಿ ಬೀದಿಯಲ್ಲಿ ಕೂಗಿದವರು ನಾವು. ಈ ನಿಯಮ ಆ ಜಾತಿಯದಲ್ಲ. ನಾಲ್ಕು ಪುಟ, ಮೂಲೆಯಲ್ಲೊಂದು ಪಿನ್ನು. ಹೊಸಬರು ಓದಿ ಸಹಿ ಹಾಕಬೇಕು. ಮೈ ಹುಷಾರಿಲ್ಲದಿದ್ದರೆ ಬಾಯಿ ಬಿಟ್ಟು ಹೇಳಬೇಕು. ನಿನ್ನ ಸಾಮಾನು ನೀನೇ ಪರೀಕ್ಷಿಸಬೇಕು, ಜೊತೆಗಾರನದ್ದನ್ನೂ ನೋಡಬೇಕು. ಇಳಿದ ಜೋಡಿ ಜೋಡಿಯಾಗೇ ಹತ್ತಬೇಕು. ಸಿಲಿಂಡರ್ ಹೊರುವುದಕ್ಕೂ ತೊಳೆಯುವುದಕ್ಕೂ ಎಲ್ಲರೂ ಕೈ ಹಾಕಬೇಕು. ಬ್ಯಾಗು ಬೆಂಚಿನ ಕೆಳಗೇ ಇರಬೇಕು. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ: ಬೋಟು ಹೊರಡುವ ಮುಂಚೆ ಒಬ್ಬೊಬ್ಬರ ಹೆಸರು ಕರೆಯಬೇಕು, ಅವರವರ ಬಾಯಿಂದಲೇ ಉತ್ತರ ಬರಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ‘ಇದಾರೆ’ ಅನ್ನುವಂತಿಲ್ಲ.

ತಲೆಲೆಕ್ಕ ಇದನ್ನು ಬಾಯಿಪಾಠ ಮಾಡಿಕೊಂಡ. ದೊಡ್ಡ ಹೆಸರಿನ ಹಲ್ಲು ಡಾಕ್ಟರೊಬ್ಬರು ಮೂಗು ಸೊರಸೊರ ಮಾಡುತ್ತ ಬಂದಾಗ ಕಟ್ಟೆಯ ಮೇಲೇ ತಡೆದ.

‘ಸರ್, ಶೀತ ಆದೋರು ಇಳಿಯಂಗಿಲ್ಲ. ಎರಡನೇ ಪುಟ.’

‘ಲೋ, ನಾನು ಡಾಕ್ಟ್ರು ಕಣಯ್ಯ.’

‘ಹಲ್ಲಿಗೆ ತಾನೇ? ಮೂಗು ನಂದು.’

ಬೋಟಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಡಾಕ್ಟರು ಸಿಡುಕಿಕೊಂಡು ಮನೆಗೆ ಹೋದರು. ಮುಂದಿನ ಟ್ರಿಪ್ಪಿಗೆ ಬಂದು ಮೂಗು ತೋರಿಸಿಯೇ ಹತ್ತಿದರು.

ಎಲ್ಲ ನಿಯಮವನ್ನೂ ಅಕ್ಷರಕ್ಕೆ ಅಕ್ಷರ ನಡೆಸುತ್ತಿದ್ದವನಿಗೆ ಆ ಕೊನೆಯದೊಂದು ಮಾತ್ರ ಒಳಗೊಳಗೇ ಅವಮಾನ. ಮೂವತ್ತೊಂದು ವರ್ಷ ಎಣಿಸಿದವನು ಒಂದನೇ ಕ್ಲಾಸಿನ ಮೇಷ್ಟರ ಹಾಗೆ ಹಾಜರಿ ಕರೆಯಬೇಕೇ? ಆದರೂ ಕರೆಯುತ್ತಿದ್ದ. ಒಂದೇ ಒಂದು ದಿನ ಕರೆಯಲಿಲ್ಲ.

ಆ ದಿನ ಹನ್ನೊಂದು ಜನ ಇಳಿದಿದ್ದರು, ನಾಲ್ಕು ಜೋಡಿ, ಒಂದು ಮೂವರ ಗುಂಪು. ಬೋಟಿನಲ್ಲಿ ಹದಿನಾಲ್ಕು ಸೀಟು. ಮಧ್ಯಾಹ್ನ ಬರಬೇಕಿದ್ದ ಗಾಳಿ ಬೆಳಿಗ್ಗೆಯೇ ಬಂತು. ಮೇಲೆ ಬಂದವರೆಲ್ಲ ನಡುಗುತ್ತ ಹತ್ತಿ, ಟವೆಲ್ಲು ಸುತ್ತಿಕೊಂಡು, ತಲೆ ತಗ್ಗಿಸಿ ಕೂತರು. ಬ್ಯಾಂಕಿನ ಗುಮಾಸ್ತ ಹತ್ತಿದವನೇ ತನ್ನ ಸೀಟಿನಲ್ಲಿ ಕುಸಿದು ಬಕೆಟ್ಟಿಗೆ ಮುಖ ಇಟ್ಟು ವಾಂತಿ ಮಾಡತೊಡಗಿದ. ಅವನ ಜೋಡಿ ಆಸ್ಪತ್ರೆಯ ನರ್ಸಮ್ಮ. ಅವನನ್ನು ಮೊದಲು ಹತ್ತಿಸಿದ್ದೇ ಆಕೆ. ಬೋಟಿನ ಹಿಂದೆ ನೀರಿನಲ್ಲಿ ತೇಲುವ ಹಗ್ಗ ಹಿಡಿದು ತನ್ನ ಸರದಿ ಕಾಯುತ್ತಿದ್ದಾಗ ಅಲೆಯೊಂದು ಕೈಯಿಂದ ಹಗ್ಗ ಕಿತ್ತುಕೊಂಡಿತು.

ಬೆಳಿಗ್ಗೆ ಆಕೆ ಗಾಳಿ ಬಡಿಯದ ಕಡೆಯ ಸೀಟಿಗೆ ಬ್ಯಾಗಿಟ್ಟು, ಮೇಲೊಂದು ನೀಲಿ ಟವೆಲ್ ಹೊದಿಸಿ ಜಾಗ ಹಿಡಿದಿದ್ದಳು. ಬ್ಯಾಗು ಬೆಂಚಿನ ಕೆಳಗಿರಬೇಕು ಎಂದು ತಲೆಲೆಕ್ಕ ಹೇಳಲಿಲ್ಲ. ಬಾಯಿಪಾಠವಿದ್ದರೂ ಆ ನಿಯಮವೊಂದು ಅವನ ಕಂಡಕ್ಟರ್ ಬುದ್ಧಿಗೆ ಹತ್ತಿರಲೇ ಇಲ್ಲ.

‘ಬೇಗ ಕಣೋ, ಅಲೆ ಏಳ್ತಾ ಇದೆ!’ ಎಂದು ಮುಂದಿನಿಂದ ಡ್ರೈವರ್ ಕೂಗಿದ. ತಲೆಲೆಕ್ಕ ಏಣಿ ಮೇಲೆಳೆದ. ಕಣ್ಣಿಗೆ ಉಪ್ಪುನೀರು ಎರಚುತ್ತಿತ್ತು. ಬೆಂಚುಗಳ ಮೇಲೆ ಒಂದು ಸಲ ಕಣ್ಣು ಹಾಯಿಸಿದ. ಖಾಲಿ ಸೀಟು ಮೂರು. ಹದಿನಾಲ್ಕರಲ್ಲಿ ಮೂರು ಕಳೆದರೆ ಹನ್ನೊಂದು. ವಿಸಿಲ್ ಊದಿದ. ಇಪ್ಪತ್ತಾರು ವರ್ಷ ಗಾಡಿ ಎತ್ತಿದ ಹಾಗೆಯೇ ಡ್ರೈವರ್ ಬೋಟು ಎತ್ತಿದ.

ದಡದಲ್ಲಿ ಸಿಲಿಂಡರ್ ಇಳಿಸಿ ಮುಗಿದ ಮೇಲೆ ಹೆಡ್‌ಮಿಸ್ಸು ಬೋಟಿನೊಳಗೆ ಬಗ್ಗಿ ಕೇಳಿದರು: ‘ಈ ಬ್ಯಾಗ್ ಯಾರ್ದ್ರೀ?’

ಯಾರೂ ತಮ್ಮದೆನ್ನಲಿಲ್ಲ. ನೀಲಿ ಟವೆಲ್ ಬೆಳಿಗ್ಗೆ ಹೊದಿಸಿದ ಹಾಗೇ ಇತ್ತು, ಮಡಿಕೆಯೂ ಬಿಚ್ಚಿರಲಿಲ್ಲ. ಅದರ ಯಜಮಾನಿ ಬಂದಿರಲಿಲ್ಲ.

ತಲೆಲೆಕ್ಕನೂ ಹೆಡ್‌ಮಿಸ್ಸೂ ಹತ್ತುತ್ತಿದ್ದಂತೆ ಡ್ರೈವರ್ ಬೋಟು ತಿರುಗಿಸಿದ. ನರ್ಸಮ್ಮ ಸಿಕ್ಕಿದಾಗ ಆಕೆಯನ್ನು ಬಿಟ್ಟುಹೋಗಿ ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಗಾಳಿ ಊದಿ ನಿಲ್ಲಿಸುವ ಕಿತ್ತಳೆ ಬಣ್ಣದ ಕೊಳವೆಯೊಂದನ್ನು ತಬ್ಬಿಕೊಂಡು ತೇಲುತ್ತಿದ್ದಳು. ಕೊಳವೆ ಇಟ್ಟುಕೊಂಡಿರಬೇಕೆಂಬುದೂ ಒಂದು ನಿಯಮವೇ, ಮೂರನೇ ಪುಟ. ಅದನ್ನು ಪಾಲಿಸಿದ್ದರಿಂದ ಬದುಕಿದಳು. ಬೆರಳುಗಳು ಒಗೆದು ಹಿಂಡಿದ ಬಟ್ಟೆಯಂತಾಗಿದ್ದವು. ಮೇಲೆಳೆದು ಕಂಬಳಿ ಸುತ್ತಿದರೆ, ಹಲ್ಲು ಕಟಕಟ ಎನ್ನುತ್ತಿರುವಾಗಲೇ ತಲೆಲೆಕ್ಕನನ್ನು ನೋಡಿ ಕೇಳಿದಳು.

‘ಅಣ್ಣ, ನನ್ನ ಹೆಸರು ಕರೆದ್ಯಾ?’

ಹೆಡ್‌ಮಿಸ್ಸು ಪಕ್ಕದಲ್ಲೇ ಇದ್ದರು. ತಲೆಲೆಕ್ಕ ಬಾಯಿ ತೆರೆದ. ಅವನಿಗೇ ಗೊತ್ತಿಲ್ಲದ ಮಾತೊಂದು ಅಲ್ಲಿಂದ ಹೊರಬಿತ್ತು.

‘ಕರೀತಾ ಇದ್ದೆ ಕಣಮ್ಮ. ಪೂರ್ತಿ ಕರೆಯೋ ಮುಂಚೆನೇ ಬೋಟ್ ಹೊರಟುಬಿಡ್ತು.’

ಡ್ರೈವರಿಗೆ ಕೇಳಿಸಿತು. ಅವನ ಬೆನ್ನು ಒಂದು ಸಲ ನೆಟ್ಟಗಾಯಿತು. ಹಿಂದೆ ತಿರುಗಲಿಲ್ಲ.

ತಪ್ಪಿಗೆ ನೀರಿನ ಗುಣ, ಇಳಿಜಾರು ಹುಡುಕಿಕೊಂಡು ಹರಿಯುತ್ತದೆ. ಸಾಹೇಬನ ತಪ್ಪು ಗುಮಾಸ್ತನ ತಲೆಗೆ, ಗುಮಾಸ್ತನದು ಜವಾನನ ತಲೆಗೆ. ಅದರ ವಿರುದ್ಧ ಬೀದಿಗಿಳಿದವರಲ್ಲಿ ತಲೆಲೆಕ್ಕನೂ ಒಬ್ಬ, ಲಾಠಿ ಏಟು ತಿಂದ ಬೆನ್ನು ಅವನದು. ಈಗ ಅವನೇ ಕಾಲುವೆ ತೋಡಿದ್ದ, ಅದೂ ಗೆಳೆಯನ ಮನೆ ಬಾಗಿಲಿಗೆ. ಭಾನುವಾರ ಸಭೆ ಎಂದು ಚೀಟಿ ಬಂತು. ಹಾಜರಿ ಮುಗಿಯುವ ಮುಂಚೆ ಬೋಟು ಹೊರಡಿಸಿದ್ದು ಸಾಬೀತಾದರೆ ಡ್ರೈವರಿಗೆ ಕೆಲಸವಿಲ್ಲ, ಬಂದರು ಕಚೇರಿಗೆ ಪತ್ರ ಹೋಗುತ್ತದೆ, ಲೈಸೆನ್ಸೂ ಇಲ್ಲ. ಅವನ ಮನೆಯಲ್ಲಿ ಐದು ಬಾಯಿ, ದುಡಿಯುವ ಕೈ ಒಂದೇ ಜೊತೆ.

ಸಭೆಗೆ ಎಂಟು ದಿನವಿತ್ತು. ತಲೆಲೆಕ್ಕ ಮನೆಯ ಮೆಟ್ಟಿಲು ಎಣಿಸತೊಡಗಿದ. ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ, ತುಟಿ ಅಲ್ಲಾಡಿಸಿಕೊಂಡು.

‘ಏನ್ರೀ, ಮೆಟ್ಲು ಓಡಿಹೋಗ್ತಾವಾ?’ ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ.

‘ಸುಮ್ನಿರೇ.’

‘ನಾನು ಸುಮ್ನೇ ಇದೀನಿ. ಸುಮ್ನಿರಕ್ಕಾಗದೆ ಒದ್ದಾಡ್ತಿರೋರು ನೀವು.’

ಆರನೇ ದಿನ ಬಂದರಿಗೆ ಹೋದ. ಡ್ರೈವರ್ ಬೋಟಿನ ತಳ ಕೆರೆಯುತ್ತಿದ್ದ. ಇವನನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

‘ಬರ್ಕೊಟ್ಟೆ’ ಎಂದ ಡ್ರೈವರ್.

‘ಏನು?’

‘ಹಿಂದೆ ತಿರುಗಿ ನೋಡ್ದೆ ಬೋಟ್ ಎತ್ತಿದ್ದು ನಂದೇ ತಪ್ಪು ಅಂತ. ಸುಳ್ಳೇನಿಲ್ವಲ್ಲ. ನೋಡ್ಲಿಲ್ಲ.’

‘ನಾನು ವಿಸಿಲ್ ಊದಿದ್ದು ಬರ್ದ್ಯಾ?’

ಡ್ರೈವರ್ ಕೆರೆಯುವ ಉಳಿಯನ್ನು ನೀರಿನಲ್ಲಿ ಅದ್ದಿದ. ‘ಅದು ನನ್ನ ಬಾಯಲ್ಲಿ ಬರೋ ಮಾತಲ್ಲಪ್ಪ. ವಿಸಿಲ್ ನಿಂದು, ಬಾಯಿ ನಿಂದು. ಹೋಗು, ಬಿಸಿಲಾಗ್ತಿದೆ.’

ಬೈದಿದ್ದರೆ, ಎರಡು ಬಾರಿಸಿದ್ದರೆ, ತಲೆಲೆಕ್ಕ ಅಲ್ಲೇ ಕಾಲಿಗೆ ಬೀಳುತ್ತಿದ್ದನೇನೋ. ಅವನು ಬೈಯಲಿಲ್ಲ. ಇವನು ಮನೆಗೆ ಬಂದು ಮೆಟ್ಟಿಲು ಎಣಿಸಿದ.

ಭಾನುವಾರದ ಸಭೆ ಸಿಲಿಂಡರ್ ಇಡುವ ಶೆಡ್ಡಿನಲ್ಲಿ. ರಬ್ಬರಿನ ವಾಸನೆ, ಗೋಡೆಗೆ ನೇತು ಹಾಕಿದ ಒದ್ದೆ ಉಡುಪುಗಳು, ಪ್ಲಾಸ್ಟಿಕ್ ಕುರ್ಚಿಗಳು. ಅವತ್ತಿನ ಹನ್ನೊಂದು ಜನರೂ ಬಂದಿದ್ದರು. ಡ್ರೈವರ್ ಬಾಗಿಲ ಬಳಿ ನಿಂತೇ ಇದ್ದ, ಕೂರು ಅಂದರೂ ಕೂರಲಿಲ್ಲ. ನರ್ಸಮ್ಮ ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಅದೇ ಬ್ಯಾಗು.

‘ಪದ್ಧತಿ ಪ್ರಕಾರ ಹಾಜರಿ ಕರೀರಿ’ ಎಂದರು ಹೆಡ್‌ಮಿಸ್ಸು.

ತಲೆಲೆಕ್ಕ ಪಟ್ಟಿ ಹಿಡಿದು ಎದ್ದ. ಒಂದೊಂದೇ ಹೆಸರು ಕರೆದ. ‘ಇದೀನಿ.’ ‘ಇದೀನಿ ಸರ್.’ ಗುಮಾಸ್ತ ಕೆಮ್ಮಿ ‘ಇದೀನಿ’ ಎಂದ. ನರ್ಸಮ್ಮನ ಹೆಸರು ಬಂತು. ಕರೆದ.

ಉತ್ತರ ಬರಲಿಲ್ಲ.

ಮೂರಡಿ ದೂರದಲ್ಲಿ ಕೂತಿದ್ದಾಳೆ, ಅವನನ್ನೇ ನೋಡುತ್ತಿದ್ದಾಳೆ, ಬಾಯಿ ತೆರೆಯುವುದಿಲ್ಲ. ಇನ್ನೊಂದು ಸಲ ಕರೆದ. ಇಲ್ಲ. ಗುಮಾಸ್ತ ‘ಇಲ್ಲೇ ಇದಾರಲ್ಲ...’ ಎಂದು ಶುರುಮಾಡಿ ಹೆಡ್‌ಮಿಸ್ಸಿನ ಕಣ್ಣು ಕಂಡು ತೆಪ್ಪಗಾದ. ಒಬ್ಬರ ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ. ತಲೆಲೆಕ್ಕ ಮುಂದಿನ ಹೆಸರಿನ ಮೇಲೆ ಬೆರಳಿಟ್ಟ. ನಾಲಿಗೆ ಮುಂದಕ್ಕೆ ಹೋಗಲಿಲ್ಲ. ಒಂದು ಬಾಯಿ ಉತ್ತರ ಕೊಡದಿದ್ದರೆ ಮುಂದೆ ಹೋಗುವುದಕ್ಕಾಗುವುದಿಲ್ಲ ಎಂಬುದು ಅವನಿಗೆ ಆಗ ಗೊತ್ತಾಯಿತು. ಆ ನಿಯಮ ಇದ್ದದ್ದೇ ಅದಕ್ಕೆ. ಅವತ್ತು ಕರೆದಿದ್ದರೆ ಆಕೆಯ ಹೆಸರಿನಲ್ಲೇ ನಿಂತುಬಿಡುತ್ತಿದ್ದ.

ಪಟ್ಟಿ ಕೆಳಗಿಟ್ಟ.

‘ನಾನು ಕರೀಲಿಲ್ಲ’ ಎಂದ. ‘ಒಂದು ಹೆಸರೂ ಕರೀಲಿಲ್ಲ. ಸೀಟು ಎಣಿಸಿದೆ. ಬ್ಯಾಗನ್ನ ಮನುಷ್ಯ ಅಂತ ಲೆಕ್ಕ ಹಾಕಿದೆ. ಏಣಿ ಎಳ್ಕೊಂಡೋನು ನಾನು, ವಿಸಿಲ್ ಊದಿದೋನು ನಾನು. ಅವನು ನನ್ನ ವಿಸಿಲ್ ಕೇಳಿ ಎತ್ತಿದ. ಆಮೇಲೆ ಸುಳ್ಳು ಹೇಳಿದೆ. ಎಂಟು ದಿನ ಆ ಸುಳ್ಳಿನ ಜೊತೆ ಊಟ ಮಾಡಿದೀನಿ.’

ಆಮೇಲೆ ನರ್ಸಮ್ಮ ಹೇಳಿದಳು: ‘ವಿಸಿಲ್ ನನಗೆ ಕೇಳಿಸ್ತಣ್ಣ. ನೀರಲ್ಲಿ ಚೆನ್ನಾಗೇ ಕೇಳಿಸುತ್ತೆ. ಮೊದಲು ವಿಸಿಲ್, ಆಮೇಲೆ ಎಂಜಿನ್. ನೀನೇ ಹೇಳ್ತೀಯೇನೋ ಅಂತ ನೋಡ್ತಾ ಇದ್ದೆ.’ ತೊಡೆಯ ಮೇಲಿನ ಬ್ಯಾಗ್ ತೋರಿಸಿ, ‘ಬ್ಯಾಗ್ ಸೀಟ್ ಮೇಲೆ ಇಟ್ಟಿದ್ದು ನಂದೂ ತಪ್ಪೇ, ಅದನ್ನೂ ಬರ್ಕೊಳ್ಳಿ ಮೇಡಂ’ ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ.

ಡ್ರೈವರ್ ಬರೆದುಕೊಟ್ಟಿದ್ದ ಪತ್ರವನ್ನು ಹೆಡ್‌ಮಿಸ್ಸು ಅಲ್ಲೇ ಹರಿದರು. ಅವನ ಕೆಲಸ ಉಳಿಯಿತು, ಲೈಸೆನ್ಸ್ ಉಳಿಯಿತು. ತಲೆಲೆಕ್ಕ ಇನ್ನು ಬೋಟು ಹತ್ತುವಂತಿಲ್ಲ ಎಂದಾಯಿತು. ದಡದ ಕೆಲಸ ಬೇಕಾದರೆ ಮಾಡಬಹುದು. ಅವನು ಕೊರಳಿನ ವಿಸಿಲ್ ಬಿಚ್ಚಿ ಮೇಜಿನ ಮೇಲಿಟ್ಟ. ‘ಇದು ಕ್ಲಬ್ಬಿನ ಸಾಮಾನಲ್ಲ, ತಗೊಂಡ್ಹೋಗಿ’ ಎಂದರು ಹೆಡ್‌ಮಿಸ್ಸು. ತಗೊಂಡು ಹೋದ. ಬಾಗಿಲಲ್ಲಿ ಡ್ರೈವರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಬಸ್ಸಿನಲ್ಲಿ ಗೊತ್ತಿಲ್ಲದ ಪ್ರಯಾಣಿಕನಿಗೆ ಬಿಡುವ ಹಾಗೆ.

ಪ್ರತಿ ಟ್ರಿಪ್ಪಿಗೂ ತಲೆಲೆಕ್ಕ ಈಗಲೂ ಬರುತ್ತಾನೆ. ಸಿಲಿಂಡರ್ ಹೊರುತ್ತಾನೆ, ವಾಪಸು ಬಂದ ಮೇಲೆ ತೊಳೆಯುತ್ತಾನೆ. ಡ್ರೈವರ್ ಮಾತಾಡುತ್ತಾನೆ: ಹಗ್ಗ ಕೊಡು, ಬಕೆಟ್ ತಗೋ, ಅಷ್ಟು. ಹಾಜರಿ ಕರೆಯುವ ಕೆಲಸ ಗುಮಾಸ್ತನದು. ಹೆಸರುಗಳು ಮುಗಿಯುತ್ತವೆ, ಕೊನೆಯವನು ‘ಇದೀನಿ’ ಎನ್ನುತ್ತಾನೆ, ಗುಮಾಸ್ತ ಕೈ ಎತ್ತುತ್ತಾನೆ.

ಬೋಟು ಹೊರಡುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹಿಂದೆ ನೋಡದಿದ್ದ ಡ್ರೈವರ್ ಈಗ ಸ್ಟಿಯರಿಂಗ್ ಬಿಟ್ಟು, ಪೂರ್ತಿ ಹಿಂದೆ ತಿರುಗಿ, ಬೆರಳು ಚಾಚಿ ತಾನೇ ಒಂದೊಂದು ತಲೆ ಎಣಿಸುತ್ತಾನೆ. ಆಮೇಲೆ ಎಂಜಿನ್ ಚಾಲೂ ಮಾಡುತ್ತಾನೆ. ಕಟ್ಟೆಯ ಮೇಲೆ ನಿಂತ ತಲೆಲೆಕ್ಕ ಅಷ್ಟು ಹೊತ್ತೂ ತನ್ನ ಚಪ್ಪಲಿ ನೋಡಿಕೊಂಡಿರುತ್ತಾನೆ.